ಆ ಹಳದಿಯನ್ನು ಉಜ್ಜಬೇಡಿ

ಪ್ರಶ್ನೆ: ಹಳೆಯ ಇಂಗ್ಲಿಷ್ ನಶ್ಯದ ಡಬ್ಬಿ ಕೊಂಡೆ. ಬೆಳ್ಳಿಯದ್ದೇ ಅಂತ ತಿಳಿಯುವುದು ಹೇಗೆ? ಒಳಗೆಲ್ಲ ಹಳದಿ ಇದೆ, ಉಜ್ಜಿ ತೆಗೆಯಲೇ?

ಉತ್ತರ: ದಯವಿಟ್ಟು ಬೇಡ! ಅದು ಚಿನ್ನದ ಲೇಪ ಇರಬಹುದು. ನಶ್ಯ ತಗುಲಿ ಬೆಳ್ಳಿ ಹಾಳಾಗದಿರಲಿ ಅಂತ ಒಳಗೆ ಲೇಪ ಕೊಡುತ್ತಿದ್ದರು. ನನ್ನ ಮೊದಲ ಡಬ್ಬಿಗೆ ಪಾಲಿಶ್ ಹಾಕಿ ತಿಕ್ಕಿ ಅರ್ಧ ಲೇಪ ಕಳೆದೆ. ನೆನೆದರೆ ಇವತ್ತಿಗೂ ಮನಸ್ಸು ಚುರ್ ಅನ್ನುತ್ತದೆ. ಈಗ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತೇನೆ, ಅಷ್ಟೇ.

ಮುಚ್ಚಳದ ಒಳಬದಿಯನ್ನು ಭೂತಗನ್ನಡಿಯಲ್ಲಿ ನೋಡಿ. ನಡೆಯುವ ಸಿಂಹದ ಮುದ್ರೆ ಇದ್ದರೆ ಸ್ಟರ್ಲಿಂಗ್ ಬೆಳ್ಳಿ, ಅಂದರೆ ಸಾವಿರಕ್ಕೆ 925 ಭಾಗ ಶುದ್ಧ ಬೆಳ್ಳಿ. ಪಕ್ಕದಲ್ಲಿ ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್‌ನ ಮುದ್ರೆ. ಬೆಳ್ಳಿಯನ್ನು ಪರೀಕ್ಷಿಸಿ ಮುದ್ರೆ ಒತ್ತುವ ಅಲ್ಲಿನ ಕಚೇರಿ ಶುರುವಾದದ್ದು 1773ರಲ್ಲಿ. ರಾಜ ಅಥವಾ ರಾಣಿಯ ತಲೆಯೂ ಕಂಡರೆ ಸಾಮಾನ್ಯವಾಗಿ 1784ರಿಂದ 1890ರೊಳಗಿನದು. ಅದು ಸುಂಕ ಕಟ್ಟಿದ ಗುರುತು.