ಸಂಪಾದಕರ ಉತ್ತರ: ಅಳುವಿಗೂ ಒಂದು ಅಳತೆ

ಗದಗ ಕಡೆಯ ಓದುಗರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ. ಪತ್ರದ ಸಾರ ಇಷ್ಟು: ಗಂಡನ ಗುತ್ತಿಗೆ ಕೆಲಸ ಹೋಗಿ ಎಂಟು ತಿಂಗಳಾಯಿತು. ಅತ್ತೆಯವರಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಡಿಸೆಂಬರ್ 31ರ ರಾತ್ರಿ ಆರಾಧನೆಯಲ್ಲಿ ಇವರ ಕೈಗೆ ಬಂದ ವಾಗ್ದಾನದ ಕಾರ್ಡು, ಅಂದರೆ ಹೊಸ ವರ್ಷಕ್ಕೆಂದು ಕೊಡುವ ಸತ್ಯವೇದದ ವಚನ, ಯೆರೆಮೀಯ 29:11: ನಿಮಗೆ ಕೇಡನ್ನಲ್ಲ, ಹಿತವನ್ನೇ ಯೋಚಿಸಿದ್ದೇನೆ, ನಿಮಗೆ ನಿರೀಕ್ಷೆಯಿದೆ ಎಂಬ ದೇವರ ಮಾತು. ಅದನ್ನೇ ಹಿಡಿದು ಬೆಳಗಿನ ನಾಲ್ಕಕ್ಕೆ ಎದ್ದು ಒಂದೂವರೆ ಗಂಟೆ ಪ್ರಾರ್ಥನೆ, ಶುಕ್ರವಾರ ಉಪವಾಸ ಶುರು ಮಾಡಿದರು. ಏನೂ ಬದಲಾಗಲಿಲ್ಲ. ಈಗ ಪ್ರಾರ್ಥನೆಗೆ ಕೂತರೆ ಮಾತೇ ಹೊರಡುವುದಿಲ್ಲ. ಕೂಟದಲ್ಲಿ ಒಬ್ಬರು "ನಿಮ್ಮ ನಂಬಿಕೆ ಸಾಲದು" ಎಂದರಂತೆ. ಇನ್ನೊಬ್ಬರು ಬೀಜ ಕಾಣಿಕೆ ಹಾಕಿದರೆ ನೂರರಷ್ಟು ತಿರುಗಿ ಬರುತ್ತದೆ ಎಂದಿದ್ದಕ್ಕೆ ಕಿವಿಯೋಲೆ ಅಡ ಇಡುವ ಯೋಚನೆಯಲ್ಲಿದ್ದಾರೆ. ಒಂಬತ್ತು ವರ್ಷದ ಮಗಳು "ದೇವ್ರು ಯಾಕ ಕೇಳವಲ್ಲ?" ಎಂದು ಕೇಳಿದ್ದಾಳೆ. ನಂಬಿಕೆ ಗಟ್ಟಿ ಮಾಡಿಕೊಳ್ಳುವುದು ಹೇಗೆ, ಇದು ಅವರ ಪ್ರಶ್ನೆ.

ಸಹೋದರಿಯವರೇ,

ಮೊದಲು ಕಿವಿಯೋಲೆಯ ಮಾತು. ಉಳಿದದ್ದು ನಿಧಾನವಾಗಿ ಆಗಬಹುದು, ಇದು ನಾಳೆಯೇ ಕೈಬಿಟ್ಟು ಹೋದೀತು. ಅಡ ಇಡಬೇಡಿ. ನೂರರಷ್ಟು ಎನ್ನುವುದು ಮಾರ್ಕ 10:30ರ ಮಾತು. ತನಗಾಗಿ ಮನೆ, ಅಣ್ಣತಮ್ಮಂದಿರು, ಹೊಲ ಎಲ್ಲ ಬಿಟ್ಟು ಬಂದವರಿಗೆ ಯೇಸು ಅದನ್ನು ಹೇಳಿದ್ದು. ಅದೇ ವಚನದಲ್ಲಿ, ಅದೇ ಪಟ್ಟಿಯಲ್ಲಿ, ಹಿಂಸೆಗಳೂ ಸೇರಿವೆ. ಕಾಣಿಕೆ ಕೇಳುವ ಹೊತ್ತಿಗೆ ಆ ಪದವನ್ನು ಯಾರೂ ಓದುವುದಿಲ್ಲ! ಕೊಡುವ ಲೆಕ್ಕ ಬೇಕಾದರೆ 2 ಕೊರಿಂಥ 8:12 ನೋಡಿ. ಇರುವುದಕ್ಕೆ ತಕ್ಕಂತೆ ಕೊಟ್ಟದ್ದು ಮೆಚ್ಚುಗೆ, ಇಲ್ಲದ್ದಕ್ಕೆ ತಕ್ಕಂತೆ ಅಲ್ಲ. ಸಂಬಳವಿಲ್ಲದ ಮನೆಯಿಂದ ಬಂದ ಹತ್ತು ರೂಪಾಯಿ ಪೂರ್ತಿ ಕಾಣಿಕೆಯೇ.

ನಂಬಿಕೆ ಸಾಲದು ಎಂದವರಿಗೆ ಉತ್ತರ ಅಪೊಸ್ತಲ ಪೌಲನ ಪತ್ರಗಳಲ್ಲೇ ಇದೆ. ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬರಬೇಕಾಯಿತು ಎಂದು 2 ತಿಮೊಥೆ 4:20ರಲ್ಲಿ ಬರೆಯುತ್ತಾನೆ. ತಿಮೊಥೆಗೆ ಮೇಲಿಂದ ಮೇಲೆ ಬರುತ್ತಿದ್ದ ಹೊಟ್ಟೆನೋವಿಗೆ ಸ್ವಲ್ಪ ದ್ರಾಕ್ಷಾರಸ ಕುಡಿ ಎನ್ನುತ್ತಾನೆಯೇ ಹೊರತು ನಿನ್ನ ನಂಬಿಕೆ ಸಾಲದು ಎನ್ನುವುದಿಲ್ಲ. ಮೈಯಲ್ಲಿ ನಾಟಿದ ಶೂಲ ಎಂದು ತಾನೇ ಕರೆದ ಬಾಧೆ ಹೋಗಲೆಂದು ಪೌಲ ಮೂರು ಸಲ ಬೇಡಿಕೊಂಡ, ಅದು ಹೋಗಲಿಲ್ಲ. ಇನ್ನು ಮಕ್ಕಳು, ಆಸ್ತಿ, ಆರೋಗ್ಯ ಎಲ್ಲ ಕಳೆದುಕೊಂಡ ಯೋಬನ ಗೆಳೆಯರು. ಏಳು ದಿನ ಬಾಯಿ ಮುಚ್ಚಿ ನೆಲದ ಮೇಲೆ ಕೂತಿದ್ದಷ್ಟೇ ಅವರು ಮಾಡಿದ ಸರಿಯಾದ ಕೆಲಸ. ಬಾಯಿ ತೆರೆದ ಮೇಲೆ ನಿನ್ನ ತಪ್ಪಿಗೇ ಇದೆಲ್ಲ ಎಂದು ವಾದಿಸಿದರು. ಕೊನೆಯ ಅಧ್ಯಾಯದಲ್ಲಿ ದೇವರು ಸಿಟ್ಟಾಗುವುದು ಗೊಣಗಿದ ಯೋಬನ ಮೇಲಲ್ಲ, ದೇವರ ಪರ ವಕಾಲತ್ತು ವಹಿಸಿದ ಈ ಗೆಳೆಯರ ಮೇಲೆ.

ಈಗ ನಿಮ್ಮ ಕಾರ್ಡು. ಯೆರೆಮೀಯ 29:11 ನಮ್ಮ ಸಭೆಗಳವರ ಮನೆಗಳಲ್ಲಿ ಕ್ಯಾಲೆಂಡರಿನ ಮೇಲೆ, ಮದುವೆ ಕಾರ್ಡಿನ ಮೇಲೆ, ಫ್ರಿಜ್ಜಿನ ಮೇಲೆ ಎಲ್ಲೆಲ್ಲೂ ಇರುವ ವಚನ. ಅದು ಒಂದು ಪತ್ರದ ನಡುವಿನ ಸಾಲು. ಕ್ರಿ.ಪೂ. 597ರಲ್ಲಿ ಬಾಬೆಲಿಗೆ ಸೆರೆ ಹೋದವರಿಗೆ ಪ್ರವಾದಿ ಜೆರುಸಲೇಮಿನಿಂದ ಬರೆದ ಪತ್ರ. ಹತ್ತನೇ ವಚನದಲ್ಲಿ ಅವಧಿ ಹೇಳಿದೆ: 70 ವರ್ಷ. ಅಂದರೆ ಅದನ್ನು ಓದಿಸಿ ಕೇಳಿದ ಹಿರಿಯರಲ್ಲಿ ಹೆಚ್ಚಿನವರು ಊರು ಕಾಣದೆ ಅಲ್ಲೇ ಮಣ್ಣಾದರು. ಅದಕ್ಕೂ ಮುಂಚಿನ 5ರಿಂದ 7ರ ವಚನಗಳು ಮನೆ ಕಟ್ಟಿರಿ, ತೋಟ ಮಾಡಿ ಫಲ ತಿನ್ನಿರಿ, ಮಕ್ಕಳ ಮದುವೆ ಮಾಡಿರಿ, ಆ ಊರಿನ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ ಎನ್ನುತ್ತವೆ. ಒಂದು ಅಧ್ಯಾಯ ಹಿಂದೆ ಹೋದರೆ ಹನನ್ಯ ಎಂಬ ಇನ್ನೊಬ್ಬ ಪ್ರವಾದಿ ಸಿಗುತ್ತಾನೆ. ಎರಡೇ ವರ್ಷದಲ್ಲಿ ಎಲ್ಲ ತಿರುಗಿ ಬರುತ್ತದೆ ಎಂದು ದೇವಾಲಯದಲ್ಲಿ ಜನರೆದುರು ಸಾರಿದವನು. ಕೇಳಲು ಹಿತವಾಗಿದ್ದದ್ದು ಅವನ ಮಾತೇ. ಸುಳ್ಳಾದದ್ದೂ ಅದೇ.

ನಿಮ್ಮ ಕಾರ್ಡು ಸುಳ್ಳಾಗಲಿಲ್ಲ. ಯೆರೆಮೀಯನ ಕಾರ್ಡನ್ನು ಹನನ್ಯನ ಲೆಕ್ಕದಲ್ಲಿ ಓದಿದಿರಿ, ಅಷ್ಟೇ. ಈ ವರ್ಷದೊಳಗೆ ಎಂಬ ಗಡುವು ವಚನದಲ್ಲಿ ಇಲ್ಲ. ಗಡುವು ಇಟ್ಟುಕೊಂಡ ನಂಬಿಕೆ ಪ್ರತಿ ತಿಂಗಳ ಕೊನೆಗೆ ಒಮ್ಮೆ ಸೋಲುತ್ತದೆ. ಹಾಗಾಗಿ ಬಾಬೆಲಿನಲ್ಲಿ ಮನೆ ಕಟ್ಟುವುದು ನಿಮ್ಮ ಪಾಲಿಗೆ ಏನು ಎಂದು ಗಂಡಹೆಂಡತಿ ಕೂತು ಬರೆಯಿರಿ. ಮುಂದಿನ ತಿಂಗಳು ಕೆಲಸ ಸಿಗುತ್ತದೆ ಎಂದುಕೊಂಡು ಅಲ್ಲ, ಒಂದು ವರ್ಷ ಹೀಗೇ ಇದ್ದರೆ ಎಂದು ಖರ್ಚಿನ ಪಟ್ಟಿ ಮಾಡಿ. ಬಿಪಿಎಲ್ ಕುಟುಂಬಗಳಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಉಚಿತ ಡಯಾಲಿಸಿಸ್ ಕೊಡುವ ಕೇಂದ್ರದ ಯೋಜನೆ 2016ರಿಂದ ಇದೆ. ಖಾಸಗಿಯಲ್ಲಿ ಮಾಡಿಸುತ್ತಿದ್ದರೆ ರೇಷನ್ ಕಾರ್ಡು ಹಿಡಿದು ಅಲ್ಲಿ ವಿಚಾರಿಸಿ. ಯಜಮಾನರು ಹಳೆಯ ಸಂಬಳಕ್ಕಿಂತ ಕಡಿಮೆಯ ಕೆಲಸ ಹಿಡಿದರೆ ಅದು ವಾಗ್ದಾನ ಕೈಬಿಟ್ಟಂತೆ ಅಲ್ಲ. ಬೆಟಗೇರಿ, ಹುಬ್ಬಳ್ಳಿ, ಧಾರವಾಡದ ಸಭೆಗಳು ಇಂಥ ಕಾಲವನ್ನು ಹಿಂದೆಯೂ ಕಂಡಿವೆ. 1914ರಲ್ಲಿ ಮಹಾಯುದ್ಧ ಶುರುವಾದ ಮೇಲೆ ಈ ಸಭೆಗಳನ್ನು ಕಟ್ಟಿದ ಬಾಸೆಲ್ ಮಿಷನ್ನಿನ ಜರ್ಮನ್ ಪಾದ್ರಿಗಳನ್ನು ಬ್ರಿಟಿಷ್ ಸರ್ಕಾರ ಸೆರೆಯಲ್ಲಿಟ್ಟು, ಆಮೇಲೆ ದೇಶದಿಂದಲೇ ಕಳಿಸಿತು. ಮಿಷನ್ನಿನ ಹೆಂಚು, ನೇಯ್ಗೆಯ ಕಾರ್ಖಾನೆಗಳು ಬೇರೆಯವರ ಕೈಸೇರಿದವು. ಸಭೆಗಳು ಮಾತ್ರ ಉಳಿದು ನಡೆದವು.

ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಉಪದ್ರವದಿಂದ ತಾಳ್ಮೆ ಎಂದಿದೆಯಲ್ಲ, ಅಲ್ಲಿನ ಗ್ರೀಕ್ ಪದದ ಅರ್ಥ ಹೊರೆಯ ಕೆಳಗೆ ನಿಂತಿರುವುದು. ನಮ್ಮ 'ತಾಳು' ಇನ್ನೂ ಚೆನ್ನಾಗಿದೆ. ಅವಸರ ಮಾಡುವವರಿಗೆ ತಾಳು ಎನ್ನುತ್ತೇವೆ, ತೊಲೆ ಭಾರ ತಾಳುತ್ತದೆ ಎಂದೂ ಅನ್ನುತ್ತೇವೆ. ತೊಲೆ ಬಾಗುತ್ತಿದ್ದರೆ ಬಡಿಗ ಅದಕ್ಕೆ ಬೈಯುವುದಿಲ್ಲ. ಮೇಲಿನ ಭಾರ ಇಳಿಸುತ್ತಾನೆ, ನಡುವೆ ಒಂದು ಕಂಬ ಕೊಡುತ್ತಾನೆ.

ನೀವು ಮಾಡಿದ್ದು ಇದರ ತಿರುವುಮುರುವು. ಭಾರ ಹೆಚ್ಚಿದಾಗ ನಿದ್ದೆ ಕಡಿಮೆ ಮಾಡಿದಿರಿ, ಊಟ ಕಡಿಮೆ ಮಾಡಿದಿರಿ. 1 ಅರಸುಗಳು 19 ಓದಿ. ಪ್ರಾಣಭಯದಿಂದ ಓಡಿದ ಪ್ರವಾದಿ ಎಲೀಯ ಬೇರ್ಷೆಬದಲ್ಲಿ ಸೇವಕನನ್ನೂ ಬಿಟ್ಟು, ಒಬ್ಬನೇ ಅಡವಿಯಲ್ಲಿ ಒಂದು ದಿನದ ದಾರಿ ನಡೆದು, ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಕೋ ಎಂದ. ಬಂದ ದೂತ ಪ್ರಸಂಗ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು ಇಟ್ಟು ಎದ್ದು ತಿನ್ನು ಎಂದ. ತಿಂದ, ಮತ್ತೆ ಮಲಗಿದ. ಮತ್ತೊಮ್ಮೆ ಎಬ್ಬಿಸಿ ತಿನ್ನಿಸಿದ ಮೇಲೆಯೇ ದೇವರ ಬೆಟ್ಟವಾದ ಹೋರೇಬಿಗೆ ನಲವತ್ತು ದಿನದ ನಡಿಗೆ. ಅಲ್ಲಿ ದೇವರು ಎರಡು ಸಲ ಅದೇ ಪ್ರಶ್ನೆ ಕೇಳುತ್ತಾನೆ, ಎಲೀಯ ಎರಡು ಸಲವೂ ಅದೇ ದೂರು ಒಪ್ಪಿಸುತ್ತಾನೆ. ಗದರಿಕೆ ಇಲ್ಲ. ಮಾಡಲು ಕೆಲಸ ಸಿಗುತ್ತದೆ, ಜೊತೆಗೆ ಶಿಷ್ಯ ಎಲೀಷ ಸಿಗುತ್ತಾನೆ, ನೀನೊಬ್ಬನೇ ಅಲ್ಲ, ಇನ್ನೂ 7,000 ಮಂದಿ ಇದ್ದಾರೆ ಎಂಬ ಲೆಕ್ಕವೂ ಸಿಗುತ್ತದೆ. ನಿದ್ದೆ, ರೊಟ್ಟಿ, ನಡಿಗೆ, ದೂರು, ಕೆಲಸ, ಜೊತೆ. ಈ ಅನುಕ್ರಮ ಬಿಟ್ಟು ಮೊದಲಿಗೇ ಹೋರೇಬಿಗೆ ಹೊರಟರೆ ದಾರಿಯಲ್ಲೇ ಬೀಳುತ್ತೇವೆ.

ಹಾಗಾಗಿ ನಾಲ್ಕು ಗಂಟೆಗೆ ಏಳುವುದನ್ನು ಸದ್ಯ ನಿಲ್ಲಿಸಿ. ಒಂದೂವರೆ ಗಂಟೆಯ ಬದಲು ಹತ್ತು ನಿಮಿಷ, ದಿನವೂ ಅದೇ ಜಾಗ, ಅದೇ ಹೊತ್ತು. ಮಗಳು ಶಾಲೆಗೆ ಹೋದ ಮೇಲಿನ ಹೊತ್ತಾದರೂ ಆದೀತು. ಒಂದು ಕೀರ್ತನೆಯನ್ನು ದನಿ ತೆಗೆದು ಓದಿ, ಮೂರು ನಿಮಿಷ. ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಮೂರೇ ಸಾಲು ಬರೆಯಿರಿ, ನಾಲ್ಕು ನಿಮಿಷ. ಕೊನೆಗೆ ಕರ್ತನ ಪ್ರಾರ್ಥನೆ ನಿಧಾನವಾಗಿ. ಸ್ವಂತ ಮಾತು ಹೊರಡದಿದ್ದರೆ ಹೊರಡಿಸಲು ಹೋಗಬೇಡಿ. ಸೆರೆ ಸಿಕ್ಕುವ ಮುಂಚೆ ಗೆತ್ಸೇಮನೆ ತೋಟದಲ್ಲಿ ಯೇಸು ಮೂರನೇ ಸಲ ಪ್ರಾರ್ಥಿಸಿದ್ದು ಅದೇ ಮಾತುಗಳಲ್ಲಿ ಎಂದು ಮತ್ತಾಯ 26:44 ಹೇಳುತ್ತದೆ. ವರ್ಷದಲ್ಲಿ ಇಡೀ ಸತ್ಯವೇದ ಮುಗಿಸುವ ಪಟ್ಟಿ ಹಿಡಿದಿದ್ದರೆ ಪಕ್ಕಕ್ಕಿಡಿ. 1,189 ಅಧ್ಯಾಯ ಅಂದರೆ ದಿನಕ್ಕೆ ಮೂರರ ಮೇಲೆ. ಕಷ್ಟದಲ್ಲಿ ಹಿಡಿದವರು ಸಾಮಾನ್ಯವಾಗಿ ಬಲಿ, ವಿಧಿಗಳೇ ತುಂಬಿದ ಯಾಜಕಕಾಂಡದಲ್ಲಿ ಸಿಕ್ಕಿಕೊಳ್ಳುತ್ತಾರೆ, ಎರಡು ದಿನ ತಪ್ಪುತ್ತದೆ, ಬಾಕಿ ಬೆಳೆಯುತ್ತದೆ, ಸಾಲಗಾರರ ಮುಖ ನೋಡಲು ಅಂಜಿದಂತೆ ಪುಸ್ತಕ ಕಂಡರೇ ಅಂಜಿಕೆ. ಓದಲೇಬೇಕೆನಿಸಿದರೆ ಮಾರ್ಕನ ಸುವಾರ್ತೆ, ದಿನಕ್ಕೆ ಅರ್ಧ ಅಧ್ಯಾಯ. ಹದಿನಾರು ಅಧ್ಯಾಯ, ಒಂದು ತಿಂಗಳು. ತಪ್ಪಿದ ದಿನವನ್ನು ಮರುದಿನ ತುಂಬಿಸಬೇಡಿ, ಬಿಟ್ಟು ಮುಂದೆ ಹೋಗಿ.

ಆ ಮೂರು ಸಾಲು ಏನು? ಅದಕ್ಕೆ 13ನೇ ಕೀರ್ತನೆ ಅಚ್ಚು. ಆರೇ ವಚನ. ಮೊದಲ ಎರಡರಲ್ಲಿ ಎಷ್ಟರವರೆಗೆ ಎಂಬ ಪ್ರಶ್ನೆ ನಾಲ್ಕು ಸಲ. ಮುಂದಿನ ಎರಡರಲ್ಲಿ ಬೇಡಿಕೆ. ಕೊನೆಯ ಎರಡರಲ್ಲಿ ಆದರೂ ನಿನ್ನನ್ನೇ ನಂಬಿದ್ದೇನೆ ಎಂಬ ಮಾತು. ಅದೇ ಅನುಕ್ರಮದಲ್ಲಿ ಒಂದು ದೂರು, ಒಂದು ಬೇಡಿಕೆ, ಒಂದು ಆದರೂ. ದೂರನ್ನು ಹೆಸರಿಟ್ಟು ಬರೆಯಿರಿ. 'ಕಷ್ಟವಾಗಿದೆ' ಎಂದಲ್ಲ, 'ಇಂದು ಬಾಡಿಗೆ ಕೇಳಲು ಬಂದಿದ್ದರು, ನಾಚಿಕೆಯಾಯಿತು' ಎಂದು. ಬೇಡಿಕೆ ಒಂದು ದಿನದ್ದಿರಲಿ. ಮೂರನೇ ಸಾಲು ಕೆಲವು ದಿನ ಬರುವುದಿಲ್ಲ. ಖಾಲಿ ಬಿಡಿ. 88ನೇ ಕೀರ್ತನೆಯಲ್ಲೂ ಆ ಸಾಲು ಇಲ್ಲ. ಹೀಬ್ರೂ ಮೂಲದಲ್ಲಿ ಅದರ ಕಟ್ಟಕಡೆಯ ಪದ ಕತ್ತಲೆ. ಆದರೂ ಅದನ್ನು ಕಿತ್ತುಹಾಕದೆ 150 ಕೀರ್ತನೆಗಳಲ್ಲಿ ಉಳಿಸಿಕೊಂಡಿದ್ದಾರೆ.

ದೂರಿಗೇ ದಿನವೆಲ್ಲ ಹೋಗಿಬಿಟ್ಟರೆ ಎಂಬ ಹೆದರಿಕೆ ನಿಮಗಿರಬಹುದು. ಜೆರುಸಲೇಮ್ ನಾಶವಾದುದಕ್ಕೆ ಅತ್ತ ಹಾಡುಗಳಾದ ಪ್ರಲಾಪಗಳ ಗ್ರಂಥ ಕಟ್ಟಿದ ಬಗೆ ನೋಡಿ. ಹೀಬ್ರೂ ಅಕ್ಷರಗಳು 22. ಮೊದಲ, ಎರಡನೇ, ನಾಲ್ಕನೇ ಅಧ್ಯಾಯಗಳಲ್ಲಿ ಅಕ್ಷರಕ್ಕೊಂದರಂತೆ 22 ವಚನ, ಮೂರನೆಯದರಲ್ಲಿ ಅಕ್ಷರಕ್ಕೆ ಮೂರರಂತೆ 66. ಊರು ಸುಟ್ಟುಹೋದವರು ಅಕ್ಷರಮಾಲೆ ಹಿಡಿದು ಅತ್ತಿದ್ದಾರೆ: ಅಳು ಎಲ್ಲವನ್ನೂ ಹೇಳುತ್ತದೆ, ಕೊನೆಯ ಅಕ್ಷರಕ್ಕೆ ನಿಲ್ಲುತ್ತದೆ. ನಾಲ್ಕು ನಿಮಿಷದ ಮಿತಿ ಅದಕ್ಕೇ. ದೇವರ ಕರುಣೆ ಬೆಳಬೆಳಗೂ ಹೊಸದು ಎಂಬ ಹೆಸರಾದ ಮಾತು ಬರುವುದು ಈ ಗ್ರಂಥದ ನಡುಮಧ್ಯದಲ್ಲಿ, ಕೊನೆಯಲ್ಲಲ್ಲ. ಅದಾದ ಮೇಲೂ ಅಳು ಮುಂದುವರಿಯುತ್ತದೆ. ಒಂದು ದಿನ ಹಗುರೆನಿಸಿ ಮರುದಿನ ಮತ್ತೆ ಕುಸಿದರೆ ಹಿಂದೆ ಬಿದ್ದಿರಿ ಎಂದು ಎಣಿಸಬೇಡಿ.

ಡಯಾಲಿಸಿಸ್ ಒಂದು ಸಲಕ್ಕೆ ನಾಲ್ಕು ಗಂಟೆ ಹಿಡಿಯುತ್ತದೆ. ಹೊರಗಿನ ಬೆಂಚಿನ ಮೇಲೆ ಆ ಹೊತ್ತು ಫೋನಿನಲ್ಲೇ ಹೋಗುತ್ತದೆ, ವಾಟ್ಸಾಪಿನಲ್ಲಿ ಬರುವ ಹತ್ತು ವಚನ ಹತ್ತು ದಿಕ್ಕಿಗೆ ಎಳೆಯುತ್ತವೆ. ಬದಲಿಗೆ 121ನೇ ಕೀರ್ತನೆ ಬಾಯಿಪಾಠ ಮಾಡಿ. ಎಂಟು ವಚನ, ಆಸ್ಪತ್ರೆಗೆ ಹೋದಾಗೆಲ್ಲ ಒಂದೊಂದು, ನಾಲ್ಕು ವಾರದಲ್ಲಿ ಮುಗಿಯುತ್ತದೆ. ರಾತ್ರಿ ಎಚ್ಚರವಾದರೆ 4ನೇ ಕೀರ್ತನೆ, ಅದರ ಕೊನೆಯ ವಚನ ನಿದ್ದೆಯದೇ.

ಉಪವಾಸದ ಬಗ್ಗೆ ಒಂದು ಎಚ್ಚರಿಕೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತೇನೆ ಎಂದು ಪತ್ರದ ಅಂಚಿನಲ್ಲಿ ಬರೆದಿದ್ದೀರಿ. ಕೆಲವು ಮಾತ್ರೆ ನುಂಗಿ ಊಟ ಬಿಟ್ಟರೆ ಸಕ್ಕರೆ ಒಮ್ಮೆಲೇ ಇಳಿದು ಕೈ ನಡುಗುತ್ತದೆ, ಬೆವರುತ್ತದೆ, ಪ್ರಜ್ಞೆಯೂ ತಪ್ಪಬಹುದು. ಮಾತ್ರೆ ಬಿಟ್ಟು ಉಪವಾಸ ಮಾಡಿದರೆ ಬೇರೆ ಅಪಾಯ. ವೈದ್ಯರನ್ನು ಕೇಳದೆ ಎರಡೂ ಬೇಡ. ಯೆಶಾಯ 58ರ ಪ್ರಕಾರ ಉಪವಾಸವೆಂದರೆ ಹಸಿದವರೊಂದಿಗೆ ರೊಟ್ಟಿ ಹಂಚಿಕೊಳ್ಳುವುದು. ಶುಕ್ರವಾರ ಉಂಡೇ ಅದನ್ನು ಮಾಡಬಹುದು.

ಇನ್ನು ಕಂಬದ ವಿಷಯ. ವಿಮೋಚನಕಾಂಡ 17ರಲ್ಲಿ ಯುದ್ಧ ನಡೆಯುವಾಗ ಕೈ ಎತ್ತಿ ನಿಂತಿದ್ದ ಮೋಶೆಯ ಕೈ ಸೋತಾಗ ಮೊದಲು ಕೂರಲು ಕಲ್ಲು ತಂದು ಹಾಕಿದರು, ಆಮೇಲೆ ಆರೋನನೂ ಹೂರನೂ ಆಚೀಚೆ ನಿಂತು ಕೈ ಹಿಡಿದರು. ಇಡೀ ಕೂಟಕ್ಕೆ ನಿಮ್ಮ ಕಥೆ ಹೇಳಬೇಕಿಲ್ಲ, ಇಬ್ಬರು ಸಾಕು. ಮಾತು ಹೊರಗೆ ಹಾಕದವರು, ಸಲಹೆ ಕೊಡಲು ಅವಸರಪಡದವರು. "ನನಗೋಸ್ಕರ ಪ್ರಾರ್ಥಿಸಿ" ಎಂದರೆ ಆಗಲಿ ಎಂದು ಮರೆಯುತ್ತಾರೆ. "ಗುರುವಾರ ಹನ್ನೊಂದರಿಂದ ಮೂರರವರೆಗೆ ಅತ್ತೆಯ ಜೊತೆ ಕೂರುತ್ತೀರಾ?" ಎಂದು ಕೇಳಿ. ಸಭಾಪಾಲಕರಿಗೂ ಕಷ್ಟದ ಲೆಕ್ಕವನ್ನು ರೂಪಾಯಿಯಲ್ಲೇ ಹೇಳಿ. ಅಪೊಸ್ತಲರ ಕೃತ್ಯಗಳು 6ರಲ್ಲಿ ವಿಧವೆಯರ ದಿನದ ಊಟದ ದೂರು ಬಂದದ್ದಕ್ಕೇ ಏಳು ಮಂದಿಯನ್ನು ನೇಮಿಸಿದರು. ಸೆರೆಯಲ್ಲಿದ್ದ ಪೌಲನೂ ಕೊನೆಯ ಪತ್ರದಲ್ಲಿ ಚಳಿಗಾಲಕ್ಕೆ ಮೊದಲು ನನ್ನ ನಿಲುವಂಗಿ ತೆಗೆದುಕೊಂಡು ಬಾ ಎಂದು ಕೇಳಿಕೊಂಡಿದ್ದಾನೆ.

ಎರಡು ವಾರ ಒಂದೇ ಸಮನೆ ನಿದ್ದೆ ಬಾರದಿದ್ದರೆ, ಊಟ ರುಚಿಸದಿದ್ದರೆ, ಯಾವುದರಲ್ಲೂ ಮನಸ್ಸಿಲ್ಲದಿದ್ದರೆ ವೈದ್ಯರಲ್ಲಿಗೆ ಹೋಗಿ. ಸತ್ತರೆ ಸಾಕು ಎಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯಬೇಡಿ, ಮನೆಯವರಿಗೆ ಹೇಳಿ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಸರ್ಕಾರದ ಉಚಿತ ಸೇವೆ, ಹಗಲೂ ರಾತ್ರಿಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಎಲೀಯನಿಗೆ ಬಂದದ್ದೂ ಇದೇ ಯೋಚನೆ ಎಂಬುದು ನೆನಪಿರಲಿ.

ಕೊನೆಗೆ ಮಗಳ ಪ್ರಶ್ನೆ. ನಂಬಿಕೆ ಹೋದೀತೆಂದು ಹೆದರಿ ಸುಳ್ಳು ಉತ್ತರ ಕೊಡಬೇಡಿ. ಅಜ್ಜಿಗೆ ಇಂಥ ದಿನ ವಾಸಿಯಾಗುತ್ತದೆ ಎಂದಂತೂ ಹೇಳಲೇಬೇಡಿ. "ನನಗೂ ಗೊತ್ತಿಲ್ಲವ್ವ, ನಾನೂ ಅದನ್ನೇ ದೇವರಿಗೆ ಕೇಳಾಕತ್ತೀನಿ" ಅನ್ನಿ. ಆಮೇಲೆ ರಾತ್ರಿಯ ಕುಟುಂಬ ಪ್ರಾರ್ಥನೆಯಲ್ಲಿ 13ನೇ ಕೀರ್ತನೆಯ ಮೊದಲ ಎರಡು ವಚನ ಅವಳ ಕೈಯಲ್ಲೇ ಓದಿಸಿ. ತಾನು ಕೇಳಿದ್ದನ್ನು ದಾವೀದನೂ ಕೇಳಿದ್ದಾನೆ ಎಂದು ಅವಳಿಗೇ ಗೊತ್ತಾಗುತ್ತದೆ. ಉಳಿದ ನಾಲ್ಕು ವಚನ ನೀವು, ಯಜಮಾನರು, ಅತ್ತೆಯವರು ಹಂಚಿಕೊಂಡು ಓದಿ. ಐದು ನಿಮಿಷಕ್ಕಿಂತ ಹೆಚ್ಚು ಬೇಡ, ಮಗುವಿಗೆ ನಿದ್ದೆ ಬಂದಿರುತ್ತದೆ.