ಮಂಡಕ್ಕಿ ಡಬ್ಬಿಯ ತಳದಲ್ಲಿ 17 ಮಾತ್ರೆ

ಈ ಹುಡುಗನನ್ನು ಮಂಜು ಅಂತ ಕರೆಯೋಣ. ಅದು ಅವನ ಹೆಸರಲ್ಲ. ವಯಸ್ಸು, ಮನೆಯ ವಿವರ ಒಂದಿಷ್ಟು ಬದಲಾಯಿಸಿದ್ದೇನೆ. ಅವನ ಅವ್ವ "ಬರೀರಿ ಮೇಡಂ, ಇನ್ನೊಬ್ಬರ ಮನೇಲಿ ನಮ್ಮಂಗೆ ಆಗೋದು ಬ್ಯಾಡ" ಅಂದ ಮೇಲೆಯೇ ಬರೆಯಲು ಕೂತದ್ದು. ಊರು ಮಾತ್ರ ದಾವಣಗೆರೆಯೇ. ಅದನ್ನೂ ಬದಲಾಯಿಸಿದರೆ ಈ ಕಥೆಗೆ ಬೇಕಾದ ಮಂಡಕ್ಕಿ, ಬೆಣ್ಣೆ ದೋಸೆ ಎಲ್ಲಿಂದ ತರಲಿ?

ಮಂಜುಗೆ 9 ವರ್ಷ. ಅಪ್ಪನಿಗೆ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ, ಕೋಳಿ ಕೂಗುವ ಮೊದಲೇ ಮನೆ ಬಿಡುತ್ತಾರೆ. ಅವ್ವ ಮನೆಯಲ್ಲೇ ಬಟ್ಟೆ ಹೊಲಿಯುತ್ತಾರೆ. ಜೊತೆಗೆ ಅಜ್ಜಿ. ಒಂದೂವರೆ ವರ್ಷದ ಹಿಂದೆ ಹುಡುಗನಿಗೆ ಮೊದಲ ಸಲ ಫಿಟ್ಸ್ ಬಂತು, ತಿಂಗಳೊಳಗೆ ಇನ್ನೊಂದು ಸಲ. ಮೆದುಳಿನ ವಿದ್ಯುತ್ ಚಟುವಟಿಕೆ ನೋಡುವ ಇ.ಇ.ಜಿ. ಪರೀಕ್ಷೆ ಮಾಡಿಸಿದರು. ಡಾಕ್ಟರು ಸೋಡಿಯಂ ವಾಲ್ಪ್ರೊಯೇಟ್ ಅನ್ನುವ ಫಿಟ್ಸ್ ಔಷಧಿಯ ಸಿರಪ್ ಬರೆದರು, ಸ್ವಲ್ಪ ದೊಡ್ಡವನಾದ ಮೇಲೆ ಬೆಳಗ್ಗೆ ಒಂದು, ರಾತ್ರಿ ಒಂದು ಮಾತ್ರೆ ಮಾಡಿದರು. ಫಿಟ್ಸ್ ನಿಂತೇ ಹೋಗಿತ್ತು. ಈ ವರ್ಷ ಜೂನಿನಲ್ಲಿ ಶಾಲೆ ಶುರುವಾದ ಮೇಲೆ ರಗಳೆ ಶುರು. ಬೆಳಗ್ಗೆ ಮಾತ್ರೆ ಕಂಡರೆ ಬಾಯಿ ಬಿಗಿ ಹಿಡಿಯುವುದು, ಬಚ್ಚಲಿಗೆ ಓಡುವುದು, ವಾಂತಿ ಬರ್ತೈತಿ ಅನ್ನುವುದು.

ಆಪ್ತಸಲಹೆಗೆ ಅಂತ ಅವರು ನನ್ನ ಹತ್ತಿರ ಬಂದದ್ದು ಆಗ. ಇಲ್ಲಿ ನನ್ನ ತಪ್ಪನ್ನೇ ಮೊದಲು ಹೇಳಿಬಿಡುತ್ತೇನೆ. ಹೊರಗೆ ಇನ್ನೂ ನಾಲ್ಕು ಜನ ಕಾಯುತ್ತಿದ್ದರು, ಮಕ್ಕಳು ಮಾತ್ರೆ ಬೇಡ ಅನ್ನುವುದು ನನಗೇನೂ ಹೊಸದಲ್ಲ, ಹಾಗಾಗಿ ಹುಡುಗನ ಹತ್ತಿರ ಸರಿಯಾಗಿ ಹತ್ತು ನಿಮಿಷ ಕೂಡ ಮಾತಾಡದೆ ಒಂದು ಸ್ಟಿಕ್ಕರ್ ಚಾರ್ಟ್ ಮಾಡಿಕೊಟ್ಟು ಕಳಿಸಿದೆ. ಮಾತ್ರೆ ತಗೊಂಡರೆ ಒಂದು ಸ್ಟಾರ್, ವಾರಕ್ಕೆ 14 ಸ್ಟಾರ್ ಆದರೆ ಭಾನುವಾರ ಅಪ್ಪನ ಜೊತೆ ಪೇಟೆಗೆ. ಮೂರು ವಾರ ಬಿಟ್ಟು ಅವ್ವ ಚಾರ್ಟಿನ ಫೋಟೋ ಕಳಿಸಿದರು. ಒಂದು ಮನೆಯೂ ಖಾಲಿ ಇಲ್ಲ. ನಾನು ಹಿಗ್ಗಿ ಹೀರೇಕಾಯಿ ಆಗಿದ್ದೆ.

ನಾಲ್ಕನೆಯ ವಾರ ಹುಡುಗ ಬಚ್ಚಲ ಬಾಗಿಲಲ್ಲಿ ಬಿದ್ದ. ಮತ್ತೆ ಫಿಟ್ಸ್. ಎರಡು ದಿನ ಬಿಟ್ಟು ಇನ್ನೊಂದು. ಆಸ್ಪತ್ರೆಗೆ ಓಡಿದರು. ಔಷಧಿ ಸಾಲುತ್ತಿಲ್ಲವೇನೋ, ಡೋಸ್ ಏರಿಸಬೇಕಾ ಅನ್ನುವಲ್ಲಿಗೆ ಮಾತು ಬಂತು. ಪುಣ್ಯಕ್ಕೆ ಆ ಡಾಕ್ಟರು ಮೊದಲು ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಿದರು. ಇರಬೇಕಾದ್ದಕ್ಕಿಂತ ತುಂಬಾ ಕಡಿಮೆ ಇತ್ತು. "ದಿನಾ ಎರಡು ಕೊಡ್ತಿದೀವಿ ಸಾರ್, ದುಗ್ಗಮ್ಮನ ಆಣೆ" ಅಂತ ಅವ್ವ ಅಲ್ಲೇ ಅತ್ತರಂತೆ. ಅವರು ಸುಳ್ಳು ಹೇಳಿರಲಿಲ್ಲ, ಕೊಟ್ಟದ್ದು ನಿಜ.

ಉಳಿದದ್ದು ಮಂಡಕ್ಕಿ ಡಬ್ಬಿ ಹೇಳಿತು. ಆ ವಾರ ಡಬ್ಬಿ ತಳ ಕಾಣುವ ಹೊತ್ತಿಗೆ ಅವ್ವ ಒಗ್ಗರಣೆ ಮಂಡಕ್ಕಿ ಮಾಡೋಣ ಅಂತ ಉಳಿದದ್ದನ್ನೆಲ್ಲ ಬೋಗುಣಿಯ ನೀರಿಗೆ ಸುರಿದಿದ್ದಾರೆ. ಮಂಡಕ್ಕಿ ತೇಲಿತು. ಹಿಂಡಿ ತೆಗೆದ ಮೇಲೆ ಬೋಗುಣಿಯ ತಳದಲ್ಲಿ ಬಿಳೀ ಮಾತ್ರೆಗಳು. ಕೆಲವು ಹಾಗೇ ಇದ್ದವು, ಕೆಲವು ಮೊದಲೇ ಎಂಜಲಿಗೆ ನೆನೆದು ಒಣಗಿ ಒರಟಾಗಿದ್ದವು. ಎಣಿಸಿದರೆ 17. ಹುಡುಗ ಮಾತ್ರೆಯನ್ನು ಕೆನ್ನೆಯೊಳಗೆ ಇಟ್ಟುಕೊಂಡು, ನೀರು ಕುಡಿದು, ಬಾಯಿ ತೆರೆದು ತೋರಿಸಿ, ಸ್ಟಾರ್ ಅಂಟಿಸಿ, ಆಮೇಲೆ ಅಡಿಗೆಮನೆಗೆ ಹೋಗಿ ಡಬ್ಬಿಯೊಳಗೆ ಉಗಿಯುತ್ತಿದ್ದ. ನನ್ನ ಚಾರ್ಟು ಅವನಿಗೆ ಕಲಿಸಿದ್ದು ಅಷ್ಟೇ.

ಇಲ್ಲಿಂದ ಮುಂದೆ ಮನೆಯವರು ಮಾಡಿದ್ದನ್ನು ನಮ್ಮ ಎಷ್ಟೋ ಮನೆಗಳಲ್ಲಿ ಮಾಡುತ್ತಾರೆ, ಬೈಯುವ ಹಾಗಿಲ್ಲ. ಭಾನುವಾರ ಬೆಣ್ಣೆ ದೋಸೆ ಪಾರ್ಸಲ್ ತಂದರು. ಅಜ್ಜಿ ಮಾತ್ರೆ ಕುಟ್ಟಿ ಪುಡಿ ಮಾಡಿ ಬೆಣ್ಣೆಗೆ ಕಲಸಿ ಪಲ್ಯದ ಕೆಳಗೆ ಸವರಿದರು. ಹುಡುಗ ಎರಡು ತುತ್ತು ತಿಂದ, ಮೂರನೆಯದಕ್ಕೆ ಮುಖ ಕಿವುಚಿದ, ತಟ್ಟೆ ತಳ್ಳಿ ಎದ್ದ. ಅವತ್ತಿನಿಂದ ಬೆಣ್ಣೆ ದೋಸೆ ಬಂದ್. ಹಾಲಿಗೆ ಹಾಕಿದರು, ಹಾಲೂ ಬಂದ್. ಚಟ್ನಿಯನ್ನು ಮೂಸಿ ನೋಡತೊಡಗಿದ. ಕೊನೆಗೆ ಅಪ್ಪ ಕೈ ಹಿಡಿದು, ಅಜ್ಜಿ ಮೂಗು ಹಿಡಿದು, ಅವ್ವ ಬಾಯಿಗೆ ಹಾಕುವಲ್ಲಿಗೆ ಬಂತು. ಅಜ್ಜಿಯ ವಾದ ಏನೆಂದರೆ, "ಕೂಸಿದ್ದಾಗ ಒಳಲೆಯಾಗೆ ಹಿಂಗೇ ಕುಡಿಸಿಲ್ವೇನವ್ವಾ, ಆಗ ಏನಾತು?"

ಎರಡನೆಯ ಸಲ ಬಂದಾಗ ನಾನು ಹಿರಿಯರನ್ನು ಹೊರಗೆ ಕೂರಿಸಿದೆ. ಹುಡುಗ ಒಳಗೆ ಬಂದವನೇ "ಚಾರ್ಟ್ ಬ್ಯಾಡ ಮಿಸ್" ಅಂದ. ಸರಿಯಪ್ಪ, ಬೇಡ ಅಂದೆ. ಮಾತ್ರೆಯ ಸುದ್ದಿಯನ್ನೇ ಎತ್ತಲಿಲ್ಲ. ಮೊಣಕಾಲ ಮೇಲೆ ಹೊಸ ಗಾಯ ಇತ್ತು, ಅದು ಹೇಗಾಯ್ತು ಅಂದೆ. ಖೋ ಖೋ ಅಂದ. ನನಗೆ ಆಟ ಗೊತ್ತಿಲ್ಲ, ಹೇಳಿಕೊಡು ಅಂದದ್ದೇ ತಡ, ನನ್ನ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಗೋಡೆಯಿಂದ ಗೋಡೆಗೆ ಕಂಬ ಮಾಡಿ ನಿಲ್ಲಿಸಿದ. ಬೆನ್ನ ಹಿಂದಿನಿಂದ ಮುಟ್ಟಿ ಖೋ ಅನ್ನಬೇಕು, ಮುಂದಿನಿಂದ ಮುಟ್ಟಿದರೆ ಫೌಲು, ಕಂಬ ಹಿಡಿದು ತಿರುಗುವಾಗ ಮೈ ಹೇಗೆ ವಾಲಿಸಬೇಕು ಅಂತ ತೋರಿಸುತ್ತಾ ಒಂದು ಕುರ್ಚಿಯನ್ನು ಉರುಳಿಸಿಯೂ ಬಿಟ್ಟ. ಉಸಿರು ಬಿಡುತ್ತಾ ಕೂತವನು ತಾನಾಗಿಯೇ ಹೇಳಿದ: "ಮೊದಲು ನಂಗೆ ಆಡಕ್ಕೆ ಬಿಡ್ತಿರ್ಲಿಲ್ಲ ಮಿಸ್. ಮಾತ್ರೆ ತಗೊಳ್ಳೋ ಹುಡುಗ್ರು ಕೂತ್ಕೋಬೇಕು ಅಂತ ಪಿ.ಟಿ. ಸಾರ್ ಹೇಳಿದ್ರು."

ಆಮೇಲೆ?

"ಈಗ ತಗೊಳ್ತಿಲ್ಲ ಸಾರ್ ಅಂದೆ. ಸುಳ್ಳಲ್ಲ ಅಲ್ವಾ ಮಿಸ್. ನಿಜವಾಗ್ಲೂ ತಗೊಂಡಿರ್ತಿರ್ಲಿಲ್ಲ."

ರಾತ್ರಿ ಮಾತ್ರೆ? ಅದನ್ನು ಅವನು ನುಂಗುತ್ತಲೇ ಇದ್ದ. ಡಬ್ಬಿಯಲ್ಲಿದ್ದ 17 ಮಾತ್ರೆಯೂ ಬೆಳಗಿನವೇ. ರಾತ್ರಿ ಖೋ ಖೋ ಇರುವುದಿಲ್ಲವಲ್ಲ. ಬರೀ ಬೆಳಗಿನದಕ್ಕೆ ಯಾಕೆ ಇಷ್ಟು ಗಲಾಟೆ ಅಂತ ನಾನು ಮೊದಲ ದಿನವೇ ಕೇಳಬಹುದಿತ್ತು. ಕಹಿ ಅನ್ನುವುದು ಕಾರಣವಾಗಿದ್ದರೆ ರಾತ್ರಿಯೂ ಕಹಿಯೇ ಅಲ್ವಾ? ಅಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ.

ಇನ್ನು ನಾನು ಕೊಟ್ಟ ಸಲಹೆ. ಮೊದಲನೆಯದು ಮನೆಯವರಿಗೆ, ಅದೂ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ: ಮೂಗು ಹಿಡಿಯುವುದು ಇವತ್ತೇ ನಿಲ್ಲಬೇಕು. ಅಳುವ, ಕೊಸರಾಡುವ ಮಗುವಿನ ಬಾಯಿಗೆ ಹಾಕಿದ್ದು ಅನ್ನನಾಳಕ್ಕೇ ಹೋಗುತ್ತದೆ ಅಂತ ನೆಚ್ಚಲಾಗದು, ಉಸಿರಿನ ನಾಳಕ್ಕೆ ಹೋದರೆ ಪ್ರಾಣಕ್ಕೇ ಬರುತ್ತದೆ. ಅಜ್ಜಿಗೆ ಇದು ರುಚಿಸಲಿಲ್ಲ, ಆದರೆ ಸುಮ್ಮನಾದರು. ಕುಟ್ಟಿ ಪುಡಿ ಮಾಡಿದ್ದು ಇನ್ನೊಂದು ಎಡವಟ್ಟು. ನಾನು ಮಾತ್ರೆ ಚೀಟಿ ತರಿಸಿ ನೋಡಿದೆ, ಹೆಸರಿನ ಮುಂದೆ ಸಿ.ಆರ್. ಅಂತಿತ್ತು. ಇಂಥ ಮಾತ್ರೆ ಹೊಟ್ಟೆಯಲ್ಲಿ ನಿಧಾನಕ್ಕೆ, ಗಂಟೆಗಟ್ಟಲೆ ಔಷಧಿ ಬಿಡುವಂತೆ ಮಾಡಿರುತ್ತಾರೆ. ಕುಟ್ಟಿದರೆ ಎಲ್ಲ ಒಂದೇ ಸಲ ಮೈಗೆ ಸೇರುತ್ತದೆ, ಆಮೇಲೆ ಮುಂದಿನ ಹೊತ್ತಿಗೆ ಏನೂ ಉಳಿಯದು. ಎಸ್.ಆರ್., ಇ.ಆರ್. ಅಂತ ಇರುವವೂ ಹೀಗೇ. ಯಾವ ಮಾತ್ರೆ ಪುಡಿ ಮಾಡಬಹುದು, ಯಾವುದು ಕೂಡದು ಅಂತ ಮೆಡಿಕಲ್ ಶಾಪಿನವರನ್ನು ಕೇಳಿದರೂ ಹೇಳುತ್ತಾರೆ, ದುಡ್ಡೇನೂ ಕೊಡಬೇಕಾಗಿಲ್ಲ.

ಬೆಣ್ಣೆಯಲ್ಲಿ ಬಚ್ಚಿಟ್ಟದ್ದಕ್ಕೆ ಹುಡುಗನ ಹತ್ತಿರ ತಪ್ಪಾಯ್ತು ಅನ್ನಿ ಅಂದೆ. ಅಜ್ಜಿ ನನ್ನನ್ನೇ ನೋಡಿದರು. "ಮೊಮ್ಮಗನ ಹತ್ರ ತಪ್ಪಾತು ಅನ್ನಾದಾ?" ಹೌದು ಅಜ್ಜಿ, ಅನ್ನಲೇಬೇಕು, ನೀವು ಕೊಡುವ ಅನ್ನವನ್ನೇ ಮೂಸಿ ನೋಡುತ್ತಿದ್ದಾನೆ ಅವನು. ಅಜ್ಜಿ ಅನ್ನಲಿಲ್ಲ. ಅವ್ವ ಅಂದರು, ನನ್ನ ಎದುರಿಗೇ, ಸೆರಗಿನ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತಾ. "ಇನ್ಮೇಲೆ ತಟ್ಟೆಯಾಗೆ ಏನೂ ಬಚ್ಚಿಡಲ್ಲ ಅಪ್ಪಿ. ಮಾತ್ರೆ ಬೇರೆ, ಊಟ ಬೇರೆ." ಹುಡುಗ ಏನೂ ಹೇಳಲಿಲ್ಲ, ಕುರ್ಚಿ ಎತ್ತಿ ನಿಲ್ಲಿಸಿದ.

ಡಾಕ್ಟರಿಗೆ 17 ಮಾತ್ರೆಯ ವಿಷಯ ಮುಚ್ಚಿಡದೆ ಹೇಳಿ ಅಂತ ಕಳಿಸಿದೆ. ನಾಚಿಕೆಗೆ ಎಷ್ಟೋ ತಂದೆತಾಯಿ ಹೇಳುವುದಿಲ್ಲ, ಆಗ ಡೋಸ್ ಸುಮ್ನೆ ಏರುತ್ತಾ ಹೋಗುತ್ತದೆ, ಮಗು ಒಂದು ದಿನ ಸರಿಯಾಗಿ ನುಂಗಲು ಶುರು ಮಾಡಿದರೆ ಆ ಏರಿಸಿದ ಡೋಸ್ ಪೂರ್ತಿ ಮೈಗೆ ಬೀಳುತ್ತದೆ. ಹಾಗೇ ಮೂರು ಪ್ರಶ್ನೆ ಬರೆದುಕೊಟ್ಟೆ. ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು, ನುಂಗಿದ ತಕ್ಷಣ ವಾಂತಿಯಾದರೆ ಮತ್ತೆ ಕೊಡಬೇಕಾ, ಆಟ ಆಡಬಹುದಾ. ತಪ್ಪಿದ್ದಕ್ಕೆ ಅಂತ ತಾವಾಗಿಯೇ ಎರಡು ಮಾತ್ರೆ ಒಟ್ಟಿಗೆ ಕೊಡಬೇಡಿ, ತಾವಾಗಿಯೇ ನಿಲ್ಲಿಸಲೂ ಬೇಡಿ ಅಂತ ನಾನೇ ಹೇಳಿದೆ. ಫಿಟ್ಸ್ ಮಾತ್ರೆಯನ್ನು ಏಕಾಏಕಿ ಬಿಟ್ಟರೆ ಫಿಟ್ಸ್ ಮೊದಲಿಗಿಂತ ಜೋರಾಗಿ, ಬಿಡದೆ ಬರುವುದುಂಟು. ಸಾಮಾನ್ಯವಾಗಿ 2 ವರ್ಷ ಒಂದೂ ಫಿಟ್ಸ್ ಇಲ್ಲದೆ ಕಳೆದ ಮೇಲೆ ಡಾಕ್ಟರು ನಿಲ್ಲಿಸುವ ಯೋಚನೆ ಮಾಡುತ್ತಾರೆ, ಅದೂ ನಿಧಾನಕ್ಕೆ ಇಳಿಸುತ್ತಾ. ಈ ಲೆಕ್ಕ ಮಂಜುಗೆ ಯಾರೂ ಹೇಳಿರಲಿಲ್ಲ. ಅವನು ಮಾತ್ರೆ ಅಂದರೆ ಸಾಯುವ ತನಕ ಅಂದುಕೊಂಡಿದ್ದ.

ಆಟದ ಪ್ರಶ್ನೆಗೆ ಡಾಕ್ಟರು ಖೋ ಖೋ ಧಾರಾಳವಾಗಿ ಆಡಲಿ, ಒಬ್ಬನೇ ಕೆರೆಗೆ ಇಳಿಯುವುದು, ಮರ ಹತ್ತುವುದು ಬೇಡ ಅಂತ ಚೀಟಿ ಬರೆದುಕೊಟ್ಟರು. ಆ ಚೀಟಿ ಹಿಡಿದು ಶಾಲೆಗೆ ಹೋಗಲು ಅವ್ವನಿಗೆ ಧೈರ್ಯ ಸಾಲಲಿಲ್ಲ, ನಾನೂ ಹೋದೆ. ಪಿ.ಟಿ. ಮೇಷ್ಟ್ರ ಮೇಲೆ ನನಗೆ ಸಿಟ್ಟಿತ್ತು, ಮಾತಾಡಿದ ಮೇಲೆ ಇಳಿಯಿತು. ಅವರಿಗೆ ಹೆದರಿಕೆ. ಮೈದಾನದಲ್ಲಿ ಬಿದ್ದರೆ ಏನು ಮಾಡಬೇಕು ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಕೈಗೆ ಬೀಗದ ಕೈ ಕೊಡಬೇಕು ಅನ್ನುವುದಷ್ಟೇ ಗೊತ್ತಿದ್ದದ್ದು. ಕಬ್ಬಿಣ ಬೇಡ ಸಾರ್, ಈರುಳ್ಳಿ ಮೂಸಿಸುವುದೂ ಬೇಡ, ಬಾಯಿಗೆ ಚಮಚ, ನೀರು ಏನೂ ಹಾಕಬೇಡಿ. ಸುತ್ತ ಇರುವ ಕಲ್ಲು, ಬೆಂಚು ಸರಿಸಿ, ತಲೆಯ ಕೆಳಗೆ ಮೆತ್ತಗಿನದು ಏನಾದರೂ ಇಡಿ, ಒಂದು ಮಗ್ಗುಲಿಗೆ ತಿರುಗಿಸಿ ಮಲಗಿಸಿ, ಗಟ್ಟಿ ಹಿಡಿಯದೆ ಪಕ್ಕದಲ್ಲೇ ಇರಿ, ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಅಥವಾ ಒಂದು ನಿಂತು ಎಚ್ಚರ ಆಗುವ ಮೊದಲೇ ಇನ್ನೊಂದು ಬಂದರೆ 108ಕ್ಕೆ ಫೋನ್ ಮಾಡಿ. ಮೇಷ್ಟ್ರು ಇದನ್ನು ಹಾಜರಿ ಪುಸ್ತಕದ ಹಿಂದಿನ ಪುಟದಲ್ಲಿ ಬರೆದುಕೊಂಡರು. ಮಾತ್ರೆ ತಗೊಂಡ್ಯಾ ಅಂತ ಎಲ್ಲರೆದುರು ಕೇಳುವುದನ್ನೂ ಬಿಡಿ ಅಂದದ್ದಕ್ಕೆ ಆಯ್ತು ಮೇಡಂ ಅಂದರು.

ನುಂಗುವುದನ್ನು ಬೇರೆಯೇ ಕಲಿಸಬೇಕಿತ್ತು, ಯಾಕೆಂದರೆ ಮೂಗು ಹಿಡಿದ ಮೇಲೆ ಹುಡುಗನಿಗೆ ನಿಜವಾಗಿಯೂ ಗಂಟಲು ಕಟ್ಟತೊಡಗಿತ್ತು. ಇದಕ್ಕೆ ಸಬ್ಬಕ್ಕಿ ನನ್ನ ಹಳೇ ಆಯುಧ. ಬೇಯಿಸಿದ ಸಬ್ಬಕ್ಕಿಯ ಒಂದೇ ಕಾಳು, ಜಾರುತ್ತದೆ, ಗಂಟಲಿಗೆ ಗೊತ್ತೇ ಆಗದು. ನೆಟ್ಟಗೆ ಕೂತು ಮೊದಲು ಒಂದು ಗುಟುಕು ನೀರು, ಆಮೇಲೆ ಕಾಳನ್ನು ನಾಲಿಗೆಯ ಮಧ್ಯಕ್ಕೆ ಇಟ್ಟು ದೊಡ್ಡ ಗುಟುಕು. ಎರಡು ದಿನ ಬಿಟ್ಟು ಜೀರಿಗೆ ಪೆಪ್ಪರಮೆಂಟು, ಅದು ಸಲೀಸಾದ ಮೇಲೆ ಇನ್ನೂ ಸ್ವಲ್ಪ ದೊಡ್ಡದು. ದಿನಕ್ಕೆ 5 ನಿಮಿಷ ಸಾಕು, ಮಾತ್ರೆಯ ಹೊತ್ತಲ್ಲದ ಹೊತ್ತಿನಲ್ಲಿ, ಆಟದ ಥರ. ತೀರಾ ಚಿಕ್ಕ ಮಕ್ಕಳಿಗೆ ಇದು ಬೇಡ, ಅವರಿಗೆ ಸಿರಪ್ಪೇ ಸರಿ, ಅದನ್ನೂ ಅಡಿಗೆಮನೆ ಚಮಚದಲ್ಲಿ ಅಳೆಯದೆ ಎಂ.ಎಲ್. ಗೆರೆ ಇರುವ ಸಿರಿಂಜಿನಲ್ಲಿ ಕೆನ್ನೆಯ ಒಳಬದಿಗೆ ಸ್ವಲ್ಪಸ್ವಲ್ಪವೇ ಬಿಡಬೇಕು. ಪೆಪ್ಪರಮೆಂಟಿನಲ್ಲಿ ಕಲಿಸಿದರೂ ಮಾತ್ರೆಯನ್ನೇ ಪೆಪ್ಪರಮೆಂಟು, ಚಾಕೊಲೇಟು ಅಂತ ಕರೆಯಬೇಡಿ. ಡಬ್ಬಿ ಕೈಗೆ ಸಿಕ್ಕ ದಿನ ಮಗು ಹತ್ತು ತಿಂದುಬಿಟ್ಟೀತು.

"ಮಾತ್ರೆ ತಗೋತೀಯಾ?" ಅಂತ ಕೇಳಬೇಡಿ, ಕೇಳಿದರೆ ಇಲ್ಲ ಅನ್ನುವ ಹಕ್ಕು ಅವನಿಗಿದೆ. ನೀರಿನ ಜೊತೆನಾ, ಮಜ್ಜಿಗೆ ಜೊತೆನಾ ಅಂತ ಕೇಳಿ ಅಂದೆ. ಮಂಜು ಮಜ್ಜಿಗೆ ಆರಿಸಿದ. ಈ ಮಾತ್ರೆಗೆ ಮಜ್ಜಿಗೆ ಆದೀತು ಅಂತ ಡಾಕ್ಟರನ್ನು ಕೇಳಿಯೇ ಕೊಟ್ಟದ್ದು. ಕೆಲವು ಆ್ಯಂಟಿಬಯೋಟಿಕ್‌ಗಳಿಗೆ ಹಾಲು, ಮಜ್ಜಿಗೆ ಆಗಿಬರುವುದಿಲ್ಲ. ಇನ್ನು ಅಜ್ಜಿಯ ಹರಕೆ. ದುಗ್ಗಮ್ಮನ ಜಾತ್ರೆ ಬರಲಿ, ಹುಡುಗನ ಕೈಲಿ ದೀಡು ನಮಸ್ಕಾರ ಮಾಡಿಸುತ್ತೇನೆ ಅಂದಿದ್ದರಂತೆ. ಮಾಡಿಸಿ ಅಜ್ಜಿ, ನಾನು ಬೇಡ ಅನ್ನಲ್ಲ, ಅವತ್ತೂ ಎರಡು ಮಾತ್ರೆ ತಪ್ಪಬಾರದು, ದೇವಿಗೂ ಅದೇ ಬೇಕಿರೋದು ಅಂದೆ. ನಕ್ಕರು. ಅವರು ನಕ್ಕದ್ದು ಅದೇ ಮೊದಲು.

ಎಲ್ಲ ಸರಾಗವಾಗಿ ಆಯ್ತು ಅಂದುಕೊಳ್ಳಬೇಡಿ. ಎಂಟನೆಯ ದಿನ ಹುಡುಗ ಮತ್ತೆ ಉಗಿದ. ಈ ಸಲ ಬಚ್ಚಿಡಲಿಲ್ಲ, ಅಂಗೈಯಲ್ಲಿ ಹಿಡಿದು ತಂದು "ಹೋಗ್ಲಿಲ್ಲ ಅವ್ವಾ" ಅಂದನಂತೆ. ಅವ್ವ ನನಗೆ ಫೋನ್ ಮಾಡಿ ಅತ್ತರು. ನನಗೆ ಮಾತ್ರ ಖುಷಿಯಾಯ್ತು, ಹಾಗಂತ ಹೇಳಿದೆ ಕೂಡ. ಹತ್ತು ನಿಮಿಷ ಬಿಟ್ಟು ಅದನ್ನೇ ಇನ್ನೊಂದು ಲೋಟ ಮಜ್ಜಿಗೆಯಲ್ಲಿ ನುಂಗಿದ್ದಾನೆ. ಬೆಳಗ್ಗೆ ತರಗತಿಯಲ್ಲಿ ತೂಕಡಿಕೆ ಅಂತಲೂ ಒಂದು ದೂರು ಇತ್ತು. ಅದನ್ನು ಡಾಕ್ಟರೇ ನೋಡಿ ಬೆಳಗಿನ ಡೋಸ್ ಸ್ವಲ್ಪ ಇಳಿಸಿ ರಾತ್ರಿಯದು ಏರಿಸಿದರು. ನಾಲ್ಕು ತಿಂಗಳಾಯ್ತು, ಫಿಟ್ಸ್ ಬಂದಿಲ್ಲ. ಮನೆಯವರಿಗೆ ಅಪರಾತ್ರಿ ದಿಗಿಲಾದರೆ ಇರಲಿ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರ್ ಕ್ಯಾಲೆಂಡರಿನ ಮೇಲೆ ಬರೆದುಕೊಟ್ಟಿದ್ದೆ, ಕನ್ನಡದಲ್ಲೇ ಮಾತಾಡಬಹುದು. ಅಪ್ಪ ಎರಡು ಸಲ ಮಾಡಿದ್ದಾರಂತೆ, ಅವ್ವನಿಗೆ ಹೇಳದೆ.

ಬೆಣ್ಣೆ ದೋಸೆ ಹೋದ ತಿಂಗಳು ಮತ್ತೆ ಮನೆಗೆ ಬಂತು. ಮಂಜು ತಿನ್ನುತ್ತಾನೆ. ಆದರೆ ಮೊದಲು ದೋಸೆಯ ಮಡಿಕೆ ಬಿಡಿಸಿ, ಪಲ್ಯವನ್ನು ಬೆರಳಿನಿಂದ ಒಂದು ಬದಿಗೆ ತಳ್ಳಿ, ಕೆಳಗೆ ಏನಿದೆ ಅಂತ ನೋಡಿ, ಆಮೇಲೆ ಮುರಿಯುತ್ತಾನೆ. "ಇನ್ನೂ ನೋಡ್ತಾನೆ ಮೇಡಂ" ಅಂತ ಅವ್ವ ಬೇಜಾರು ಮಾಡಿಕೊಂಡರು. ನೋಡಲಿ ಬಿಡಿ ಅಂದೆ.