ಎಲೆ ನೋಡಿ ಅಂಜೂರದ ತಳಿ ಹೇಳಬಹುದಾ?

ಕುವೆಂಪುನಗರದ ನಿಮ್ಮ ಹಿತ್ತಲಿನ ಅಂಜೂರದ ಎಲೆ ಫೋಟೋ ಹಾಕಿ, ‘ನರ್ಸರಿಯವರು ಬ್ರೌನ್ ಟರ್ಕಿ ಅಂದರು, ಪಕ್ಕದ ಮನೆಯವರು ಪೂನಾ ಅನ್ನುತ್ತಾರೆ, ಯಾವುದು ಸರಿ?’ ಅಂತ ಕೇಳಿದ್ದೀರಿ. ಬರೀ ಎಲೆಯಿಂದ ಹೇಳಲು ಆಗುವುದಿಲ್ಲ. ಯಾರಾದರೂ ಹೇಳಿದರೂ ಅದು ಊಹೆ ಅಷ್ಟೇ. ಆದರೆ ಗಿಡ ಹಣ್ಣು ಬಿಡುತ್ತಿದೆ ಅಂದಿದ್ದೀರಲ್ಲ, ಹಾಗಾಗಿ ದಾರಿ ಇದೆ.

ಮೊದಲು ಎಲೆಯ ವಿಷಯ ಮುಗಿಸುತ್ತೇನೆ. ಒಂದೇ ಅಂಜೂರದ ಗಿಡದಲ್ಲಿ ಸೀಳೇ ಇಲ್ಲದ ಎಲೆ, ಮೂರು ಸೀಳಿನ ಎಲೆ, ಐದು ಸೀಳಿನ ಎಲೆ ಮೂರೂ ಇರಬಹುದು. ಸವರಿದ ಕೊಂಬೆಯಿಂದ ಜೋರಾಗಿ ಬಂದ ಚಿಗುರಿನ ಎಲೆ ಬೇರೆ, ಹಣ್ಣು ಕಟ್ಟಿದ ಕೊಂಬೆಯ ಎಲೆ ಬೇರೆ. ನಿಮ್ಮ ಫೋಟೋದಲ್ಲಿ ಹಳದಿ ಮಚ್ಚೆಗಳೂ ಕಾಣುತ್ತಿವೆ. ಅದನ್ನು ತಳಿಯ ಗುರುತು ಅಂದುಕೊಳ್ಳಬೇಡಿ, ಅದು ಮೊಸಾಯಿಕ್ ನಂಜುರೋಗ ಇರಬಹುದು. ಕಡ್ಡಿಯ ಜೊತೆಗೇ ಬರುತ್ತದೆ, ಒಂದು ಜಾತಿಯ ಸಣ್ಣ ನುಸಿಯಿಂದಲೂ ಹರಡುತ್ತದೆ. ಅಂಜೂರದಲ್ಲಿ ತುಂಬಾ ಸಾಮಾನ್ಯ. ಎಲೆಯ ಆಕಾರವನ್ನೂ ಸೊಟ್ಟ ಮಾಡುತ್ತದೆ.

ಎಲೆಯಿಂದ ಗೊತ್ತಾಗುವುದು ಒಂದೇ: ನಿಮ್ಮದು ಅಂಜೂರವೇ ಹೌದು. ಇದನ್ನು ಹೇಳಲು ಕಾರಣ ಇದೆ. ಆನೆಕಿವಿಯಂಥ ದುಂಡು ಎಲೆ, ಕಾಂಡಕ್ಕೇ ಅಂಟಿದ ದೊಡ್ಡ ಹಣ್ಣು ಬಿಡುವ ಗಿಡವನ್ನೂ ಕೆಲವು ಕಡೆ ‘ದೊಡ್ಡ ಅಂಜೂರ’ ಅಂತ ಮಾರುತ್ತಾರೆ. ಅದು ಬೇರೆಯೇ ಜಾತಿ. ನಮ್ಮ ಅತ್ತಿಯ ಹಾಗೆ ಅಂಜೂರಕ್ಕೆ ನೆಂಟ, ಅಷ್ಟೇ.

ಈಗ ಹಣ್ಣಿಗೆ ಬನ್ನಿ. ಪೂರ್ತಿ ಹಣ್ಣಾಗುವವರೆಗೆ ಕಾಯಬೇಕು. ಅಂಜೂರವನ್ನು ಕಾಯಿ ಕಿತ್ತು ಬಲಿಸಲು ಆಗುವುದಿಲ್ಲ, ಅರೆಬಲಿತದ್ದರ ಒಳಗಿನ ಬಣ್ಣ ನಿಜ ಹೇಳುವುದಿಲ್ಲ. ತೊಟ್ಟಿನ ಹತ್ತಿರ ಬಗ್ಗಿ ಹಣ್ಣು ಜೋತು ಬಿದ್ದಿರಬೇಕು. ಮುಟ್ಟಿದರೆ ಮೆತ್ತಗಿರಬೇಕು. ಸಿಪ್ಪೆಯ ಮೇಲೆ ಸಣ್ಣ ಸಣ್ಣ ಬಿಳಿ ಗೀರು ಬಿಟ್ಟಿರಬಹುದು. ಕಿತ್ತಾಗ ತೊಟ್ಟಿನಿಂದ ಹಾಲು ಸುರಿದರೆ ಇನ್ನೂ ಬೇಗ ಕಿತ್ತಿದ್ದೀರಿ ಅಂತ ಅರ್ಥ.

ಅದನ್ನು ತೊಟ್ಟಿನಿಂದ ತಳದವರೆಗೆ ಉದ್ದಕ್ಕೆ ಎರಡು ಹೋಳು ಮಾಡಿ. ಅಡ್ಡಕ್ಕೆ ಕೊಯ್ದರೆ ಮುಖ್ಯವಾದದ್ದೇ ಕಾಣದು. ಕತ್ತು ಉದ್ದವೋ, ಗಿಡ್ಡವೋ? ಸಿಪ್ಪೆಯ ಕೆಳಗಿನ ಬಿಳಿ ಪದರ ದಪ್ಪವೋ, ತೆಳುವೋ? ತಿರುಳು ಜೇನಿನ ಬಣ್ಣವೋ, ನಸುಗೆಂಪೋ, ಗಾಢ ಕೆಂಪೋ? ನಡುವೆ ಟೊಳ್ಳು ಇದೆಯಾ? ಎಲ್ಲಕ್ಕಿಂತ ಹೆಚ್ಚಾಗಿ ತಳದಲ್ಲಿರುವ ಆ ಸಣ್ಣ ತೂತು, ಅಂದರೆ ಕಣ್ಣನ್ನು ನೋಡಿ. ಕೆಲವು ತಳಿಗಳಲ್ಲಿ ಅದು ಬಿಗಿಯಾಗಿ ಮುಚ್ಚಿರುತ್ತದೆ, ಕೆಲವದರಲ್ಲಿ ಇರುವೆ ಸಲೀಸಾಗಿ ನುಗ್ಗುವಷ್ಟು ತೆರೆದಿರುತ್ತದೆ. ತೆರೆದ ಕಣ್ಣಿನ ಹಣ್ಣು ಮಳೆಗಾಲದಲ್ಲಿ ಒಳಗೇ ಹುಳಿಯುವುದು ಜಾಸ್ತಿ. ನನಗೆ ಬಣ್ಣಕ್ಕಿಂತ ಕಣ್ಣಿನ ಮೇಲೇ ಹೆಚ್ಚು ನಂಬಿಕೆ.

ಯಾಕೆಂದರೆ ಬಣ್ಣ ಹವೆಗೆ ತಕ್ಕ ಹಾಗೆ ಬದಲಾಗುತ್ತದೆ. ಮೈಸೂರಿನ ಮಳೆಯಲ್ಲಿ ಹಣ್ಣಾದದ್ದು ನೀರು ನೀರು, ಸಪ್ಪೆ, ಸಿಪ್ಪೆಯ ಬಣ್ಣವೂ ಮಂಕು. ಅದೇ ಗಿಡದ ಬೇಸಿಗೆ ಹಣ್ಣು ಕಂದು ತಿರುಗಿ ಸಕ್ಕರೆಯಂತಿರುತ್ತದೆ. ಎಲೆಯ ಮರೆಯಲ್ಲಿದ್ದ ಹಣ್ಣಿಗೆ ಬಿಸಿಲಿನ ಹಣ್ಣಿನ ಬಣ್ಣ ಬರುವುದಿಲ್ಲ. ಹಳೆ ಕೊಂಬೆಯಲ್ಲಿ ಬಂದ ಹಣ್ಣು ಹೊಸ ಚಿಗುರಿನ ಹಣ್ಣಿಗಿಂತ ದಪ್ಪ, ಉದ್ದ ಇರಬಹುದು. ಮೊದಲ ಫಸಲನ್ನಂತೂ ಲೆಕ್ಕಕ್ಕೇ ಹಿಡಿಯಬೇಡಿ.

ನಿಮ್ಮ ಎರಡು ಹೆಸರಿನ ಬಗ್ಗೆ. ಪೂನಾ ಅನ್ನುವುದು ಗಂಟೆಯ ಆಕಾರದ, ತೆಳು ಸಿಪ್ಪೆಯ, ತಿಳಿ ನೇರಳೆ ಬಣ್ಣದ ಹಣ್ಣು. ಒಳಗೆ ನಸುಗೆಂಪು. ಬ್ರೌನ್ ಟರ್ಕಿ ತಾಮ್ರದಿಂದ ಕಂದು ನೇರಳೆಯವರೆಗೆ ಬರುತ್ತದೆ. ಹೀಗೆ ಬರೆದಾಗಲೇ ಗೊತ್ತಾಯಿತಲ್ವಾ, ಎರಡನ್ನೂ ಮಾತಿನಲ್ಲಿ ಬಿಡಿಸುವುದು ಕಷ್ಟ. ಮೇಲಾಗಿ ಬ್ರೌನ್ ಟರ್ಕಿ ಅನ್ನುವ ಹೆಸರಲ್ಲಿ ಹೊರದೇಶದಲ್ಲೇ ಒಂದಕ್ಕಿಂತ ಹೆಚ್ಚು ತಳಿ ಮಾರಾಟವಾಗುತ್ತವೆ. ಬಲಿತ ಹಣ್ಣು ಹಳದಿ ಹಸಿರಾಗಿಯೇ ಉಳಿದು ಗಾತ್ರದಲ್ಲೂ ದೊಡ್ಡದಿದ್ದರೆ ಇವೆರಡನ್ನೂ ಬಿಟ್ಟು ಡಯಾನಾ ಕಡೆ ನೋಡಿ. ಕ್ಯಾಲಿಫೋರ್ನಿಯಾದಿಂದ ಬಂದ ಈ ತಳಿಯನ್ನು ಬಳ್ಳಾರಿ ಕಡೆಯೂ ಬೆಳೆಯುತ್ತಾರೆ. ಇಂಟರ್‌ನೆಟ್ಟಿನಲ್ಲಿ ಕಾಣುವ ಸ್ಮಿರ್ನಾ ಗುಂಪಿನ ಚಿತ್ರಗಳನ್ನು ಕೈಬಿಡಬಹುದು. ಗಂಡು ಅಂಜೂರದ ಪರಾಗವನ್ನು ಒಂದು ಸಣ್ಣ ಕಣಜ ತಂದು ಹಾಕದಿದ್ದರೆ ಅದರ ಕಾಯಿ ಉದುರಿಹೋಗುತ್ತದೆ. ನಿಮ್ಮದು ಸುಮ್ನೆ ತಾನಾಗಿ ಹಣ್ಣಾಗುತ್ತಿದೆ.

ಖಚಿತವಾಗಬೇಕಾದರೆ ಒಂದೇ ದಾರಿ: ತಳಿ ಗೊತ್ತಿರುವ ಗಿಡದ ಕಡ್ಡಿ ತಂದು ನಿಮ್ಮ ಗಿಡದ ಪಕ್ಕದಲ್ಲೇ ಬೆಳೆಸಿ. ಒಂದೇ ಮಣ್ಣು, ಒಂದೇ ನೀರು, ಒಂದೇ ಬಿಸಿಲು. ಆಗ ಹಣ್ಣು, ಕಣ್ಣು, ತಿರುಳು ಎಲ್ಲವನ್ನೂ ಜೊತೆಗಿಟ್ಟು ನೋಡಬಹುದು. ಡಿಎನ್ಎ ಪರೀಕ್ಷೆಗೂ ಹೋಲಿಸಲು ಗೊತ್ತಿರುವ ಮಾದರಿ ಬೇಕೇ ಬೇಕು. ಬಲಿತ ಕೊಂಬೆಯಿಂದ ಒಂದು ಗೇಣು ಕಡ್ಡಿ ತಂದು ನೆಟ್ಟರೆ ಸುಲಭವಾಗಿ ಬೇರು ಬಿಡುತ್ತದೆ, ಇದಕ್ಕೆ ಖರ್ಚೇನೂ ಇಲ್ಲ.

ಅಲ್ಲಿಯವರೆಗೆ ಗಿಡಕ್ಕೆ ಹೆಸರು ಕೊಡಬೇಡಿ. ನಾನು ಶ್ರೀರಂಗಪಟ್ಟಣದ ಕಡೆಯವನು. ನಿಮಿಷಾಂಬ ದೇವಸ್ಥಾನ ಇರುವ ಗಂಜಾಂನ ಅಂಜೂರಕ್ಕೆ ಹಿಂದಿನಿಂದಲೂ ಹೆಸರು. ಹಾಗಂತ ನಮ್ಮ ಕಡೆ ಯಾವ ಕಡ್ಡಿ ಕೊಟ್ಟರೂ ‘ಗಂಜಾಂ ಅಂಜೂರ’ ಅನ್ನುವವರಿದ್ದಾರೆ. ಹೀಗೆ ಹೆಸರು ಅಂಟಿಸಿದರೆ ಮುಂದೆ ನಿಜವಾದ ಹಳೆ ಗಿಡ ಯಾವುದು ಅಂತ ಹುಡುಕಲು ಆಗುವುದೇ ಇಲ್ಲ, ಅದೇ ನನಗೆ ನೋವು. ಚೀಟಿಯ ಮೇಲೆ ‘ಕುವೆಂಪುನಗರ, ನರ್ಸರಿ ಗಿಡ’ ಅಂತ ಬರೆದು, ತಂದ ವರ್ಷ ಹಾಕಿ. ಯಾರಿಗಾದರೂ ಕಡ್ಡಿ ಕೊಟ್ಟರೆ ಆ ಚೀಟಿಯನ್ನೂ ಕೊಡಿ.

ಬೇಸಿಗೆ ಹಣ್ಣು ಬಂದಾಗ ಉದ್ದಕ್ಕೆ ಕೊಯ್ದ ಹೋಳು, ತಳದ ಕಣ್ಣು, ಇಡೀ ಹಣ್ಣು, ಹಣ್ಣು ಕಟ್ಟಿದ ಕೊಂಬೆಯ ಎಲೆ, ಈ ನಾಲ್ಕರ ಫೋಟೋ ಹಾಕಿ. ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟರೆ ಗಾತ್ರವೂ ತಿಳಿಯುತ್ತದೆ. ಖಂಡಿತ ನೋಡಿ ಹೇಳುತ್ತೇನೆ.